ಅದಿರಿನ ಜಾಡು ಹಿಡಿದು: ಕಾರ್ನ್‌ವಾಲ್ ಮನೆತನದ ಕಡಲಾಚೆಯ ಕವಲುಗಳನ್ನು ಹುಡುಕುವ ಬಗೆ

ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಊರಿನ 1881ರ ಜನಗಣತಿ ಹಾಳೆಗಳನ್ನು ತಿರುವುತ್ತಾ ಹೋದರೆ ಇಂಥ ಮನೆಗಳು ಆಗಾಗ ಎದುರಾಗುತ್ತವೆ. ಮನೆಗೆ ಒಬ್ಬ ಹೆಂಗಸು ಯಜಮಾನಿ. ಮದುವೆಯಾಗಿದೆ, ಗಂಡನ ಹೆಸರು ಮಾತ್ರ ಹಾಳೆಯಲ್ಲಿಲ್ಲ. ದೊಡ್ಡ ಮಗ ಹುಟ್ಟಿದ್ದು ಅದೇ ಊರಲ್ಲಿ. ಎರಡನೆಯ ಮಗಳು ಹುಟ್ಟಿದ್ದು ದಕ್ಷಿಣ ಆಸ್ಟ್ರೇಲಿಯಾದಲ್ಲಿ. ಮೂರನೆಯ ಕೂಸು ಮತ್ತೆ ಕ್ಯಾಂಬೋರ್ನ್‌ನಲ್ಲಿ. ಕಸುಬಿನ ಅಂಕಣದಲ್ಲಿ 'ಗಣಿ ಕೆಲಸಗಾರನ ಹೆಂಡತಿ, ಗಂಡ ಹೊರದೇಶದಲ್ಲಿ' ಎಂದು ಬರೆದಿದೆ. ಇರುವುದು ನಾಲ್ಕೇ ಸಾಲು. ಅಷ್ಟರಲ್ಲಿ ಒಂದು ಸಂಸಾರ ಭೂಮಿಯ ಆ ತುದಿಗೆ ಹೋಗಿ, ವಾಪಸ್ ಬಂದು, ಗಂಡಸು ಮತ್ತೆ ಗುಳೆ ಹೊರಟಿದ್ದೂ ಆಗಿದೆ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಡಲಿಗೆ ಚಾಚಿಕೊಂಡಿರುವ ಸಣ್ಣ ಸೀಮೆ ಕಾರ್ನ್‌ವಾಲ್. ತವರ ಮತ್ತು ತಾಮ್ರದ ಗಣಿಗಳ ನಾಡು. ಅಲ್ಲಿಂದ ಹೊರಟವರು ಆಸ್ಟ್ರೇಲಿಯಾ, ಅಮೆರಿಕ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ ಎಲ್ಲ ಕಡೆ ಹರಡಿದರು. ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಕೆಜಿಎಫ್ ಸ್ಮಶಾನದ ಕಲ್ಲೊಂದರ ಮೇಲಿನ ಹೆಸರನ್ನು ಹಿಡಿದು ಆ ಮನೆತನದ ಬೇರನ್ನೋ ಉಳಿದ ಕವಲುಗಳನ್ನೋ ಹುಡುಕಲು ಹೊರಟವರು ನಮ್ಮಲ್ಲೂ ಇದ್ದಾರೆ. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಂತೂ ಇದು ಮನೆಮನೆಯ ಪ್ರಶ್ನೆ. ಅವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಿನ ಹಿಂದೆ ಓಡಬೇಡಿ, ಅದಿರಿನ ಹಿಂದೆ ಹೋಗಿ. ಕಾರ್ನ್‌ವಾಲ್‌ನ ಗಣಿಗಾರ ಮನಸ್ಸಿಗೆ ಬಂದ ಕಡೆಗೆ ವಲಸೆ ಹೋಗಲಿಲ್ಲ. ಎಲ್ಲಿ ಹೊಸ ಲೋಹ ಸಿಕ್ಕಿತೋ ಅಲ್ಲಿಗೆ, ಸಿಕ್ಕ ಎರಡು ಮೂರು ವರ್ಷದೊಳಗೆ, ಊರಿನವರ ಜೊತೆ ಗುಂಪಾಗಿ ಹೋದ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ಸಲೀಸು.

ಹೆಜ್ಜೆ 1: ಹೆಸರನ್ನು ಬಿಡಿಸಿ ಓದಿ

'ಟ್ರೆ, ಪೋಲ್, ಪೆನ್ ಇದ್ದರೆ ಕಾರ್ನ್‌ವಾಲ್‌ನವನೆಂದು ತಿಳಿ' ಎಂಬ ಹಳೆಯ ಮಾತೊಂದು ಅಲ್ಲಿದೆ. ಕಾರ್ನಿಷ್ ಭಾಷೆ ಇಂಗ್ಲಿಷಿಗಿಂತ ಬೇರೆ, ವೆಲ್ಷ್ ಮತ್ತು ಬ್ರೆಟನ್ ಭಾಷೆಗಳ ಒಡಹುಟ್ಟು. ಟ್ರೆ ಅಂದರೆ ಹಟ್ಟಿ, ಊರು. ಪೋಲ್ ಅಂದರೆ ಕೊಳ. ಪೆನ್ ಅಂದರೆ ತಲೆ, ತುದಿ. ನಾನ್ಸ್ ಅಂದರೆ ಕಣಿವೆ. ಚಿ ಅಂದರೆ ಮನೆ. ನಮ್ಮ ಮಲೆನಾಡಿನಲ್ಲಿ ಮನೆ ಹೆಸರೇ ಮನುಷ್ಯನ ಹೆಸರಾಗುತ್ತದಲ್ವಾ, ಹಾಗೇ ಅಲ್ಲೂ ಜಾಗದ ಹೆಸರು ಮನೆತನದ ಹೆಸರಾಯಿತು. ಕಸುಬಿನಿಂದ ಬಂದ ಹೆಸರೂ ಉಂಟು: ಆಂಗೋವ್ ಅಂದರೆ ಕಮ್ಮಾರ.

ಉದಾಹರಣೆಗೆ ಚೆಗ್ವಿಡನ್ ಎಂಬ ಮನೆತನ ತಗೊಳ್ಳೋಣ. ಚಿ ಅಂದರೆ ಮನೆ, ಗ್ವಿಡನ್ ಅಂದರೆ ಬಿಳಿ. ಒಟ್ಟಿಗೆ 'ಬಿಳಿಮನೆ'. ಇದೇ ಹೆಸರು ಚೆಗ್ವಿನ್, ಚಿಗ್ವಿಡನ್ ಅಂತೆಲ್ಲ ದಾಖಲೆಗಳಲ್ಲಿ ಕಾಣುತ್ತದೆ. ಪಾದ್ರಿ ಕಿವಿಗೆ ಬಿದ್ದಂತೆ ಬರೆದ, ಹಡಗಿನ ಗುಮಾಸ್ತ ತನಗೆ ತೋಚಿದಂತೆ ಬರೆದ. ಮೊದಲ ಕೆಲಸವಾಗಿ ನಿಮ್ಮ ಹೆಸರಿಗೆ ಆಗಬಹುದಾದ ಎಲ್ಲ ಸ್ಪೆಲಿಂಗ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಹೆಸರನ್ನು ಜೋರಾಗಿ ಹೇಳಿ, ಭಾಷೆ ಗೊತ್ತಿಲ್ಲದವನು ಕೇಳಿದರೆ ಹೇಗೆ ಬರೆಯುತ್ತಿದ್ದ ಅಂತ ಯೋಚಿಸಿ. ಮೆಕ್ಸಿಕೊದ ಗುಮಾಸ್ತ ಒಂದು ಬಗೆ ಬರೆದಿರುತ್ತಾನೆ, ಮದ್ರಾಸಿನವನು ಇನ್ನೊಂದು ಬಗೆ. ಹುಡುಕುವ ಜಾಲತಾಣಗಳಲ್ಲಿ ಅನುಮಾನವಿರುವ ಅಕ್ಷರಗಳ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ.

ಚೆಗ್ವಿಡನ್‌ನಂಥ ಅಪರೂಪದ ಹೆಸರಾದರೆ ನಿಮ್ಮ ಅದೃಷ್ಟ. ಥಾಮಸ್, ವಿಲಿಯಮ್ಸ್, ರಿಚರ್ಡ್ಸ್ ಇವೂ ಕಾರ್ನ್‌ವಾಲ್‌ನಲ್ಲಿ ಬಹಳ ಸಾಮಾನ್ಯ, ವೇಲ್ಸ್‌ನಲ್ಲಂತೂ ಇನ್ನೂ ಜಾಸ್ತಿ. ಅಂಥ ಹೆಸರಿನವರು ಎರಡನೆಯ ಹೆಜ್ಜೆಯನ್ನು ಇನ್ನಷ್ಟು ಎಚ್ಚರದಿಂದ ಇಡಬೇಕು.

ಹೆಜ್ಜೆ 2: ಪ್ಯಾರಿಷ್ ಗೊತ್ತಾಗುವ ತನಕ ಕಡಲು ದಾಟಬೇಡಿ

ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು. ಕಾರ್ನ್‌ವಾಲ್‌ನಲ್ಲಿ ಇಂಥ ಹಳೆಯ ಪ್ಯಾರಿಷ್‌ಗಳು 200ಕ್ಕೂ ಜಾಸ್ತಿ. 'ಕಾರ್ನ್‌ವಾಲ್‌ನ ವಿಲಿಯಂ' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಗ್ವೆನ್ಯಾಪ್ ಪ್ಯಾರಿಷ್‌ನ ವಿಲಿಯಂ' ಅಂದರೆ ಅರ್ಧ ಕೆಲಸ ಮುಗಿಯಿತು.

ಚರ್ಚಿನ ರಿಜಿಸ್ಟರ್‌ಗಳು 1538ರಲ್ಲಿ ಶುರುವಾದವು. ಎಲ್ಲ ಊರುಗಳಲ್ಲೂ ಅಷ್ಟು ಹಳೆಯವು ಉಳಿದಿಲ್ಲ. 1837ರ ಜುಲೈ 1ರಿಂದ ಸರ್ಕಾರವೇ ಜನನ, ಮದುವೆ, ಮರಣ ನೋಂದಣಿ ಶುರು ಮಾಡಿತು. ಫ್ರೀ ಬಿಎಂಡಿ ತಾಣದಲ್ಲಿ ಇದರ ಸೂಚಿಯನ್ನು ಪುಕ್ಕಟೆಯಾಗಿ ನೋಡಬಹುದು. ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ: ಇಂಗ್ಲೆಂಡಿನ ಜನರಲ್ ರಿಜಿಸ್ಟರ್ ಆಫೀಸಿನ ಸ್ವಂತ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ಮಗುವಿನ ತಾಯಿಯ ತವರುಮನೆ ಹೆಸರು ಸಿಗುತ್ತದೆ. ಹಳೆಯ ಸೂಚಿಯಲ್ಲಿ ಇದು ಬರುವುದು 1911ರಿಂದ ಈಚೆಗೆ. ಒಂದೇ ಊರಲ್ಲಿ ಮೂವರು ವಿಲಿಯಂ ಚೆಗ್ವಿಡನ್ ಹುಟ್ಟಿದ್ದರೆ ಅವರನ್ನು ಬೇರೆ ಮಾಡುವುದು ತಾಯಿಯ ಹೆಸರೇ.

ಕಾರ್ನ್‌ವಾಲ್‌ಗೆಂದೇ ಒಂದು ದೊಡ್ಡ ಉಪಕಾರ ನಡೆದಿದೆ. ಸ್ವಯಂಸೇವಕರು ಸೇರಿ ಪ್ಯಾರಿಷ್ ರಿಜಿಸ್ಟರ್‌ಗಳನ್ನು ಅಕ್ಷರ ಅಕ್ಷರ ಎತ್ತಿ ಬರೆದು 'ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್' ಎಂಬ ದತ್ತಾಂಶವಾಗಿ ಇಟ್ಟಿದ್ದಾರೆ. ದುಡ್ಡು ಕೊಡಬೇಕಿಲ್ಲ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಚೆಗ್ವಿಡನ್ ಎಂದು ಹಾಕಿ, ಯಾವ ಪ್ಯಾರಿಷ್‌ಗಳಲ್ಲಿ ಈ ಹೆಸರಿನ ಜ್ಞಾನಸ್ನಾನಗಳು ಗುಂಪುಗುಂಪಾಗಿ ಬರುತ್ತವೆ ನೋಡಿ. ಅವೇ ನಿಮ್ಮ ತೌರೂರುಗಳು. ಮೂಲ ಹಾಳೆ ನೋಡಬೇಕೆಂದರೆ ರೆಡ್ರತ್ ಊರಿನಲ್ಲಿರುವ ಕ್ರೆಸೆನ್ ಕೆರ್ನೊ ದಾಖಲೆ ಭವನ ಇದೆ. ಹಳೆಯ ಬ್ರೂವರಿಯ ಜಾಗದಲ್ಲಿ 2019ರಲ್ಲಿ ತೆರೆದದ್ದು.

ಚರ್ಚಿನಲ್ಲಿ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಗಣಿಗಾರರಲ್ಲಿ ಬಹಳ ಮಂದಿ ಮೆಥಡಿಸ್ಟ್ ಎಂಬ ಬೇರೆ ಕ್ರೈಸ್ತ ಪಂಥದವರು. ಆ ಪಂಥ ಕಟ್ಟಿದ ಜಾನ್ ವೆಸ್ಲಿ ಗ್ವೆನ್ಯಾಪ್‌ನ ನೆಲ ಕುಸಿದು ಆದ ತಗ್ಗಿನಲ್ಲಿ ನಿಂತು 1762ರಿಂದ 1789ರವರೆಗೆ 18 ಸಲ ಉಪದೇಶ ಮಾಡಿದರು. ಮೆಥಡಿಸ್ಟರ ಪ್ರಾರ್ಥನಾ ಮಂದಿರಗಳಾದ ಚಾಪೆಲ್‌ಗಳ ಹಳೆಯ ಜ್ಞಾನಸ್ನಾನದ ಪುಸ್ತಕಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆರ್‌ಜಿ 4 ಎಂಬ ಸರಣಿಯಲ್ಲಿವೆ. ಮನೆಯವರು ಮೆಥಡಿಸ್ಟರು ಎನ್ನುವುದನ್ನು ಗುರುತು ಹಾಕಿಕೊಳ್ಳಿ. ಕಡಲಾಚೆಯೂ ಅವರು ಮೊದಲು ಕಟ್ಟಿದ್ದು ಚಾಪೆಲ್ಲನ್ನೇ.

ಹೆಜ್ಜೆ 3: ಕಾಣೆಯಾದವರ ಪಟ್ಟಿ ಮಾಡಿ

ಇಲ್ಲಿ ನಿಧಾನ ಮಾಡಿ. ಇಡೀ ಹುಡುಕಾಟದಲ್ಲಿ ತಾಳ್ಮೆಗೆ ಕೂಲಿ ಸಿಗುವ ಜಾಗ ಇದೇ.

ಬ್ರಿಟನ್ನಿನ ಜನಗಣತಿ ಹತ್ತು ವರ್ಷಕ್ಕೊಮ್ಮೆ. ಹೆಸರುಗಳ ಸಮೇತ 1841ರಿಂದ 1921ರವರೆಗಿನದು ನೋಡಲು ಸಿಗುತ್ತದೆ. 1841ರದ್ದನ್ನು ಪೂರ್ತಿ ನಂಬಬೇಡಿ. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 39ರವನು 35 ಆಗಿರುತ್ತಾನೆ. ಯಾರು ಯಾರಿಗೆ ಏನಾಗಬೇಕು ಎನ್ನುವುದೂ ಇರುವುದಿಲ್ಲ. 1851ರಿಂದ ಸಂಬಂಧ, ಹುಟ್ಟಿದ ಪ್ಯಾರಿಷ್ ಎರಡೂ ಸಿಗುತ್ತವೆ.

ಒಂದು ದೊಡ್ಡ ಹಾಳೆ ತಗೊಳ್ಳಿ, ಇಲ್ಲವೇ ಎಕ್ಸೆಲ್ ತೆರೆಯಿರಿ. ಎಡಗಡೆ ಆ ಪ್ಯಾರಿಷ್‌ನ ಎಲ್ಲ ಚೆಗ್ವಿಡನ್‌ಗಳ ಹೆಸರು, ನಿಮ್ಮ ನೇರ ವಂಶದವರು ಮಾತ್ರವಲ್ಲ, ಎಲ್ಲರೂ. ಮೇಲೆ ಅಡ್ಡಕ್ಕೆ 1841, 1851, 1861 ಹೀಗೆ ವರ್ಷಗಳು. ಪ್ರತಿ ಜನಗಣತಿಯಲ್ಲಿ ಯಾರಿದ್ದಾರೆ ಅಂತ ಗುರುತು ಹಾಕುತ್ತಾ ಹೋಗಿ. ಮರಣದ ಸೂಚಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಸತ್ತವರನ್ನು ಹೊಡೆದುಹಾಕಿ. ಹುಡುಗಿಯರು ಮದುವೆಯಾಗಿ ಹೆಸರು ಬದಲಾಗಿದ್ದರೆ ಅದನ್ನೂ ಬರೆಯಿರಿ. ಕೊನೆಗೆ ಸಾವಿಲ್ಲದೆ, ಮದುವೆಯಿಲ್ಲದೆ, ಖಾಲಿ ಉಳಿದ ಚೌಕಗಳು ಕಾಣುತ್ತವೆ. ಅವರೇ ಕಡಲು ದಾಟಿದವರು.

ಆತುರ ಬೇಡ, ಅದರಲ್ಲೂ ಒಂದಷ್ಟು ಜನ ಬ್ರಿಟನ್ನಿನಲ್ಲೇ ಇದ್ದಾರು. ಕಂಬರ್ಲೆಂಡ್, ಲ್ಯಾಂಕಾಶೈರ್‌ನ ಕಬ್ಬಿಣದ ಗಣಿ, ಡರಂನ ಕಲ್ಲಿದ್ದಲು, ವೇಲ್ಸ್ ಕಡೆಗೂ ಕಾರ್ನಿಷರು ಗುಳೆ ಹೋದರು. ಮೊದಲು ಅಲ್ಲಿ ಹುಡುಕಿ.

ಜನಗಣತಿ ಹಾಳೆಯಲ್ಲಿ ಮೂರು ಅಂಕಣಗಳನ್ನು ಬಿಡದೆ ಓದಿ. ಮಕ್ಕಳು ಹುಟ್ಟಿದ ಜಾಗ ಒಂದು. ಹೆಂಡತಿಯ ಕಸುಬಿನ ಅಂಕಣ ಇನ್ನೊಂದು, ಗಂಡ ಎಲ್ಲಿದ್ದಾನೆ ಎನ್ನುವುದನ್ನು ಕೆಲವು ಗಣತಿದಾರರು ಅಲ್ಲೇ ಬರೆದುಬಿಟ್ಟಿದ್ದಾರೆ. ಮೂರನೆಯದು ಮನೆಯಲ್ಲಿರುವ ಮೊಮ್ಮಕ್ಕಳು. ಅಜ್ಜಿಯ ಮನೆಯಲ್ಲಿ 'ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ' ಆರು ವರ್ಷದ ಹುಡುಗ ಇದ್ದಾನೆ ಅಂದರೆ ಅವನ ಅಪ್ಪ ಅಮ್ಮ ಎಲ್ಲಿದ್ದರು ಅಂತ ಬೇರೆ ಹೇಳಬೇಕೇ?

1901ರ ಗಣತಿಗೆ ಒಂದು ವಿಶೇಷವಿದೆ. 1899ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಯುದ್ಧ ಶುರುವಾಗಿ ಜೋಹಾನ್ಸ್‌ಬರ್ಗ್‌ನ ಗಣಿಗಳು ನಿಂತವು. ಗಣಿಗಾರರು ಗುಂಪಾಗಿ ಮನೆಗೆ ಬಂದರು. ಹಾಗಾಗಿ ದಕ್ಷಿಣ ಆಫ್ರಿಕಾದಲ್ಲೇ ಬದುಕು ಕಳೆದವನೊಬ್ಬ ಆ ಒಂದು ಗಣತಿಯಲ್ಲಿ ಮಾತ್ರ ಊರಲ್ಲಿ ಸಿಕ್ಕಿಬೀಳಬಹುದು.

ಹೆಜ್ಜೆ 4: ಅದಿರಿನ ಕ್ಯಾಲೆಂಡರ್ ಬರೆದುಕೊಳ್ಳಿ

ಜನ ಯಾಕೆ ಹೊರಟರು ಎನ್ನುವುದು ಗೊತ್ತಿದ್ದರೆ ಯಾವಾಗ, ಎಲ್ಲಿಗೆ ಎನ್ನುವುದು ತಾನಾಗಿ ತಿಳಿಯುತ್ತದೆ. 1840ರ ದಶಕದಲ್ಲಿ ಆಲೂಗೆಡ್ಡೆಗೆ ರೋಗ ಬಿತ್ತು, ಬಡವರ ಹೊಟ್ಟೆಗೆ ಹೊಡೆಯಿತು. 1866ರಲ್ಲಿ ತಾಮ್ರದ ಬೆಲೆ ಕುಸಿದು, ಲಂಡನ್ನಿನ ದೊಡ್ಡ ಬ್ಯಾಂಕೊಂದು ಮುಳುಗಿ ಗಣಿಗಳು ಸಾಲಾಗಿ ಮುಚ್ಚಿದವು. 1870ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಮಲಯದ ಅಗ್ಗದ ತವರ ಬಂದು ತವರದ ಗಣಿಗಳಿಗೂ ಅದೇ ಗತಿಯಾಯಿತು. 1861ರಲ್ಲಿ ಕಾರ್ನ್‌ವಾಲ್‌ನ ಜನಸಂಖ್ಯೆ ಸುಮಾರು 3,69,000. 1901ರ ಹೊತ್ತಿಗೆ ಅದು ಸುಮಾರು 3,22,000ಕ್ಕೆ ಇಳಿದಿತ್ತು. ಮಕ್ಕಳು ಹುಟ್ಟುತ್ತಲೇ ಇದ್ದರು, ಆದರೂ ಇಳಿಯಿತು. ಎಷ್ಟು ಮನೆಗಳ ಬಾಗಿಲು ಮುಚ್ಚಿರಬೇಕು ಊಹಿಸಿ.

ಇನ್ನು ಹೋದ ಕಡೆಗಳು. 1825ರ ಸುಮಾರಿಗೆ ಮೆಕ್ಸಿಕೊದ ರಿಯಲ್ ಡೆಲ್ ಮಾಂಟೆ ಬೆಳ್ಳಿ ಗಣಿ. ಮೊದಲ ತಂಡದಲ್ಲಿ ಅನೇಕರು ವೆರಾಕ್ರೂಸ್ ಸೀಮೆಯ ಕರಾವಳಿಯಲ್ಲೇ ಹಳದಿ ಜ್ವರಕ್ಕೆ ಸತ್ತರು. 1830ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಮಿನರಲ್ ಪಾಯಿಂಟ್‌ನ ಸೀಸ, 1840ರ ದಶಕದಲ್ಲಿ ಮಿಷಿಗನ್‌ನ ತಾಮ್ರ. ಅದೇ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಪುಂಡ ಮತ್ತು ಬರ್ರಾ ತಾಮ್ರದ ಗಣಿಗಳು. 1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ, ಗ್ರಾಸ್ ವ್ಯಾಲಿ ಊರು. 1851ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಸೀಮೆಯ ಚಿನ್ನ, ಬಲ್ಲರಾಟ್ ಮತ್ತು ಬೆಂಡಿಗೊ. 1860ರ ಆಸುಪಾಸು ಮತ್ತೆ ದಕ್ಷಿಣ ಆಸ್ಟ್ರೇಲಿಯಾ: ಮೂಂಟಾ, ವಾಲಾರೂ, ಕಡೀನಾ. ಈ ಮೂರೂರಿಗೆ ಇವತ್ತಿಗೂ 'ಪುಟ್ಟ ಕಾರ್ನ್‌ವಾಲ್' ಎನ್ನುತ್ತಾರೆ. 1880ರ ದಶಕದಲ್ಲಿ ಒಂದು ಕಡೆ ಕೋಲಾರ, ಇನ್ನೊಂದು ಕಡೆ ಮೊಂಟಾನಾದ ಬ್ಯೂಟ್, ಆಸ್ಟ್ರೇಲಿಯಾದ ಬ್ರೋಕನ್ ಹಿಲ್, 1886ರಿಂದ ಜೋಹಾನ್ಸ್‌ಬರ್ಗ್.

ಈಗ ಮೂರನೆಯ ಹೆಜ್ಜೆಯ ಖಾಲಿ ಚೌಕಗಳನ್ನು ಇದರ ಪಕ್ಕದಲ್ಲಿಡಿ. ಒಬ್ಬ 1841ರಲ್ಲಿ ಊರಲ್ಲಿದ್ದಾನೆ, 1851ರಲ್ಲಿ ಇಲ್ಲ ಅಂದರೆ ಬರ್ರಾ ಅಥವಾ ಮಿಷಿಗನ್ ಮೊದಲು ನೋಡಿ. 1881ರಲ್ಲಿದ್ದು 1891ರಲ್ಲಿ ಇಲ್ಲದವನಿಗೆ ಜೋಹಾನ್ಸ್‌ಬರ್ಗ್, ಬ್ಯೂಟ್, ಕೋಲಾರ. ಜೊತೆಗೆ ಅವರು ಒಂದೇ ಕಡೆ ನಿಲ್ಲುವವರಲ್ಲ ಎನ್ನುವುದೂ ನೆನಪಿರಲಿ. 1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಾಗ ಬರ್ರಾ ಗಣಿ ಬಹುತೇಕ ಬರಿದಾಗಿ ಹೋಯಿತು. ಅವರಲ್ಲಿ ಎಷ್ಟೋ ಮಂದಿ ಹತ್ತು ವರ್ಷದ ನಂತರ ಮೂಂಟಾದಲ್ಲಿ ಸಿಗುತ್ತಾರೆ.

ಕಾರ್ನಿಷ್ ಗಣಿಗಾರರಿಗೆ 'ಕಸಿನ್ ಜ್ಯಾಕ್' ಎಂಬ ಅಡ್ಡಹೆಸರು ಎಲ್ಲ ದೇಶಗಳಲ್ಲೂ ಇತ್ತು. ಗಣಿಯಲ್ಲಿ ಒಂದು ಕೆಲಸ ಖಾಲಿಯಾದರೆ ಸಾಕು, ಊರಲ್ಲಿ ನನ್ನ ಕಸಿನ್ ಜ್ಯಾಕ್ ಇದ್ದಾನೆ, ಕರೆಸುತ್ತೇನೆ ಎನ್ನುತ್ತಿದ್ದರು ಅಂತ ಹೇಳುತ್ತಾರೆ. ಕಥೆಯೇ ಇರಬಹುದು. ಆದರೆ ಹುಡುಕುವವರಿಗೆ ಇದರಲ್ಲಿ ದಾರಿಯಿದೆ. ನಿಮ್ಮವನು ಸಿಗದಿದ್ದರೆ ಅವನ ಭಾವಮೈದುನನನ್ನು, ಪಕ್ಕದ ಮನೆಯವನನ್ನು, ಮದುವೆಗೆ ಸಾಕ್ಷಿ ಹಾಕಿದವನನ್ನು ಹುಡುಕಿ. ಅವರು ಸಿಕ್ಕ ಊರಲ್ಲೇ ಇವನೂ ಇರುವ ಸಾಧ್ಯತೆ ಜಾಸ್ತಿ.

ಹೆಜ್ಜೆ 5: ಒಂದೊಂದು ದೇಶದ ಬಾಗಿಲೂ ಬೇರೆ

ಆಸ್ಟ್ರೇಲಿಯಾದಲ್ಲಿ ಮೊದಲು ತೆರೆಯಬೇಕಾದ್ದು ಟ್ರೋವ್. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಪುಕ್ಕಟೆಯಾಗಿ ಓದಲು ಇಟ್ಟಿದೆ. ಮರಣದ ಸುದ್ದಿ, ಗಣಿ ಅಪಘಾತ, ಚಾಪೆಲ್ ವಾರ್ಷಿಕೋತ್ಸವ ಎಲ್ಲವೂ ಅಲ್ಲಿವೆ. ಯಂತ್ರ ಓದಿದ ಅಕ್ಷರಗಳಾದ್ದರಿಂದ ತಪ್ಪುಗಳಿರುತ್ತವೆ. ಚೆಗ್ವಿಡನ್ ಎಂದು ಹಾಕಿ ಸಿಗದಿದ್ದರೆ ಕ್ಯಾಂಬೋರ್ನ್, ಮೂಂಟಾ ಎರಡನ್ನೂ ಒಟ್ಟಿಗೆ ಹಾಕಿ ಕಣ್ಣಾಡಿಸಿ. ವಿಕ್ಟೋರಿಯಾದ ಮರಣ ಪ್ರಮಾಣಪತ್ರಕ್ಕೆ ದುಡ್ಡು ಕೊಡಲು ಹಿಂಜರಿಯಬೇಡಿ. 1853ರಿಂದಲೇ ಅದರಲ್ಲಿ ಅಪ್ಪ ಅಮ್ಮನ ಹೆಸರು, ಹುಟ್ಟಿದ ಊರು, ವಸಾಹತಿಗೆ ಬಂದು ಎಷ್ಟು ವರ್ಷವಾಯಿತು, ಮದುವೆ ಎಲ್ಲಿ, ಮಕ್ಕಳು ಯಾರು ಎಲ್ಲ ಕೇಳಿ ಬರೆಯುತ್ತಿದ್ದರು. ಒಂದೇ ಹಾಳೆಯಲ್ಲಿ ಎರಡು ಖಂಡಗಳನ್ನು ಜೋಡಿಸುವ ದಾಖಲೆ ಇದು. ದಕ್ಷಿಣ ಆಸ್ಟ್ರೇಲಿಯಾದ ಹಳೆಯ ಮರಣ ಪತ್ರ ಇಷ್ಟು ಮಾತಾಡುವುದಿಲ್ಲ. ಆದ್ದರಿಂದ ದಕ್ಷಿಣದಿಂದ ವಿಕ್ಟೋರಿಯಾಕ್ಕೆ ಹೋದ ತಮ್ಮನೊಬ್ಬ ಇದ್ದರೆ ಅವನ ಪತ್ರ ತರಿಸಿ. ಅಣ್ಣ ತಮ್ಮ ಇಬ್ಬರಿಗೂ ಅಪ್ಪ ಅಮ್ಮ ಅವರೇ ತಾನೇ.

ಅಮೆರಿಕದಲ್ಲಿ ಜನನ ಮರಣದ ನೋಂದಣಿ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಲಕ್ಕೆ ಶುರುವಾಯಿತು. ಅದಕ್ಕೇ ಅಲ್ಲಿನ ಜನಗಣತಿಯನ್ನು ಹಿಡಿಯಿರಿ. 1850ರಿಂದ ಮನೆಯವರೆಲ್ಲರ ಹೆಸರಿದೆ. 1900ರದ್ದು ಬಹಳ ಉಪಯೋಗ, ಅದರಲ್ಲಿ ದೇಶಕ್ಕೆ ಬಂದ ವರ್ಷವನ್ನೂ ಕೇಳಿದ್ದಾರೆ. 1890ರ ಗಣತಿ ಬೆಂಕಿ ಅನಾಹುತದ ನಂತರ ಬಹುಪಾಲು ಉಳಿದಿಲ್ಲ. ಹುಟ್ಟಿದ ಜಾಗ ಸಾಮಾನ್ಯವಾಗಿ 'ಇಂಗ್ಲೆಂಡ್' ಅಂತಷ್ಟೇ ಇರುತ್ತದೆ. ಊರು ಬೇಕಾದರೆ ಸ್ಥಳೀಯ ಪತ್ರಿಕೆಯ ಮರಣವಾರ್ತೆ, ಸಮಾಧಿ ಕಲ್ಲು ನೋಡಬೇಕು. ಹಡಗಿನ ಪಟ್ಟಿ ಹುಡುಕುವವರಿಗೆ ಒಂದು ಸೂಚನೆ: ವಲಸೆ ಬಂದವರನ್ನು ಇಳಿಸಿಕೊಂಡು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪ ತೆರೆದದ್ದು 1892ರ ಜನವರಿ 1ಕ್ಕೆ. ಅದಕ್ಕಿಂತ ಮೊದಲು ನ್ಯೂಯಾರ್ಕ್‌ಗೆ ಬಂದವರಿಗೆ 1855ರಿಂದ 1890ರವರೆಗೆ ಕ್ಯಾಸಲ್ ಗಾರ್ಡನ್ ಬಾಗಿಲು. ಬ್ರಿಟನ್ನಿನಿಂದ ಹೊರಟವರ ಪಟ್ಟಿ ಉಳಿದಿರುವುದು 1890ರಿಂದ ಮಾತ್ರ.

ದಕ್ಷಿಣ ಆಫ್ರಿಕಾದಲ್ಲಿ ಆಸ್ತಿ ಕಡತಗಳೊಳಗೆ 'ಡೆತ್ ನೋಟಿಸ್' ಅಂತ ಒಂದು ಹಾಳೆ ಇರುತ್ತದೆ. ಸತ್ತವನ ಅಪ್ಪ ಅಮ್ಮ, ಹುಟ್ಟೂರು, ಹೆಂಡತಿ, ಮಕ್ಕಳು ಎಲ್ಲರ ಹೆಸರಿಗೂ ಅದರಲ್ಲಿ ಜಾಗವಿದೆ. ಫ್ಯಾಮಿಲಿ ಸರ್ಚ್ ತಾಣದಲ್ಲಿ ಇವು ಬಹಳಷ್ಟಿವೆ, ಲಾಗಿನ್ ಆದರೆ ಸಾಕು. ಮೆಕ್ಸಿಕೊಗೂ ಅದೇ ತಾಣ. ರಿಯಲ್ ಡೆಲ್ ಮಾಂಟೆಯ ಬೆಟ್ಟದ ಮೇಲೆ ಇಂಗ್ಲಿಷರ ಸ್ಮಶಾನವೇ ಇದೆ. ಪಕ್ಕದ ಪಚೂಕಾದಲ್ಲಿ ಇವತ್ತಿಗೂ ಮಾರುವ 'ಪಾಸ್ತೆ' ಎಂಬ ಕಡುಬು ಕಾರ್ನ್‌ವಾಲ್ ಹೆಂಗಸರು ಗಣಿಗೆ ಬುತ್ತಿ ಕಟ್ಟುತ್ತಿದ್ದ ಪಾಸ್ಟಿಯೇ.

ಕೋಲಾರದ ಕವಲು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಮ್ಮ ನೆಲದ ಮಾತು.

ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಕೋಲಾರದ ಗಣಿ ಹಕ್ಕು ಪಡೆದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಈ ಕಂಪನಿಯ ಬೇರು ಎಲ್ಲಿತ್ತು ಗೊತ್ತಾ? ಹಿರಿಯ ಜಾನ್ ಟೇಲರ್ 1819ರಲ್ಲಿ ಗ್ವೆನ್ಯಾಪ್‌ನ ಕನ್ಸಾಲಿಡೇಟೆಡ್ ತಾಮ್ರದ ಗಣಿಯನ್ನು ಮತ್ತೆ ಶುರು ಮಾಡಿದವರು. 1824ರಲ್ಲಿ ರಿಯಲ್ ಡೆಲ್ ಮಾಂಟೆ ಕಂಪನಿಯ ಮುಂದಾಳೂ ಅವರೇ. ಅಂದರೆ ಗ್ವೆನ್ಯಾಪ್, ಮೆಕ್ಸಿಕೊ, ಕೆಜಿಎಫ್ ಮೂರನ್ನೂ ಒಂದೇ ಮನೆತನದ ವ್ಯವಹಾರ ಕಟ್ಟಿಹಾಕಿತ್ತು. ಅಪ್ಪ ಮೆಕ್ಸಿಕೊದಲ್ಲಿ, ಮಗ ಕೋಲಾರದಲ್ಲಿ ಎನ್ನುವ ಮನೆ ಸಿಕ್ಕರೆ ಆಶ್ಚರ್ಯಪಡಬೇಡಿ.

ಕಾರ್ನ್‌ವಾಲ್‌ನಲ್ಲಿ ಗಣಿಯ ಮೇಲ್ವಿಚಾರಕನನ್ನು 'ಕ್ಯಾಪ್ಟನ್' ಎನ್ನುತ್ತಿದ್ದರು. ಆ ರೂಢಿ ಗಣಿಗಾರರ ಜೊತೆಗೇ ಬಂತು. ಕೋಲಾರದಲ್ಲಿ ಚಾಂಪಿಯನ್ ಎಂಬ ಅದಿರಿನ ಪದರವನ್ನು ಹಿಡಿದ ಪ್ಲಮರ್ ಕೂಡ ಕ್ಯಾಪ್ಟನ್ನೇ. ದಾಖಲೆಯಲ್ಲೋ ಕಲ್ಲಿನ ಮೇಲೋ ಕ್ಯಾಪ್ಟನ್ ಎಂಬ ಪದ ನೋಡಿ ಸೈನ್ಯದ ಕಡತಗಳಲ್ಲಿ ತಿಂಗಳುಗಟ್ಟಲೆ ಹುಡುಕಿದವರನ್ನು ನಾನು ಬಲ್ಲೆ. ಅಲ್ಲಿ ಏನೂ ಸಿಗುವುದಿಲ್ಲ.

ಕೋಲಾರದ ಯುರೋಪಿಯನ್ನರ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಮದ್ರಾಸ್ ಪ್ರಾಂತ್ಯದ ಚರ್ಚ್ ದಾಖಲೆಗಳ ಜೊತೆ ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಕಡತಗಳಲ್ಲಿ ಎನ್/2 ಎಂಬ ಸರಣಿ ಅದು. ಫೈಂಡ್ ಮೈ ಪಾಸ್ಟ್ ತಾಣದಲ್ಲಿ ಚಿತ್ರಗಳೂ ಸಿಗುತ್ತವೆ, ಹಣ ಕಟ್ಟಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವ ಫಿಬಿಸ್ ಎಂಬ ಸಂಘದ ದತ್ತಾಂಶದಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಬ್ರಿಟಿಷರ ಕಾಲದ ವಿಳಾಸ ಪುಸ್ತಕವಾದ ಥ್ಯಾಕರ್ಸ್ ಡೈರೆಕ್ಟರಿಯ ಹಳೆಯ ಸಂಪುಟಗಳಲ್ಲಿ ಗಣಿಗಳ ಹೆಸರಿನ ಕೆಳಗೆ ನೌಕರರ ಪಟ್ಟಿಯಿದೆ. ವರ್ಷದಿಂದ ವರ್ಷಕ್ಕೆ ನೋಡುತ್ತಾ ಹೋದರೆ ಯಾರು ಯಾವಾಗ ಬಂದರು, ಯಾವಾಗ ಹೋದರು ತಿಳಿಯುತ್ತದೆ. ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ, ಪುಸ್ತಕದಲ್ಲಿ ಮಗು ಸಿಗದಿದ್ದರೆ ಮೆಥಡಿಸ್ಟ್ ಚರ್ಚಿನ ರಿಜಿಸ್ಟರ್ ಬಗ್ಗೆ ವಿಚಾರಿಸಿ.

ಊರಿನ ಹೆಸರುಗಳಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಹೊರದೇಶದವರು ಎಡವುವ ಕಡೆ ನಾವು ಎಡವುವುದಿಲ್ಲ. 'ಮೈಸೂರಿನಲ್ಲಿ ನಿಧನ' ಎಂದಿದ್ದರೆ ಅದು ಮೈಸೂರು ನಗರವೇ ಆಗಬೇಕಿಲ್ಲ. ಮೈಸೂರು ಸಂಸ್ಥಾನ ಇರಬಹುದು, ಕೆಜಿಎಫ್‌ನ ಮೈಸೂರು ಗಣಿಯೂ ಇರಬಹುದು. ನಂದಿದುರ್ಗ ಎಂದರೆ ಬೆಟ್ಟವಲ್ಲ, ಗಣಿ. ಊರ್ಗಾಂ, ಮಾರಿಕುಪ್ಪಂ ಹೆಸರುಗಳಿಗೆ ಮೂರು ನಾಲ್ಕು ಸ್ಪೆಲಿಂಗ್‌ಗಳಿವೆ, ಎಲ್ಲವನ್ನೂ ಹಾಕಿ ನೋಡಿ.

ಸ್ಮಶಾನಕ್ಕೆ ಹೋಗುವವರು ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ. ನೆತ್ತಿಯ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಓರೆ ಬೆಳಕು ಬಿದ್ದರೆ ಕೆತ್ತಿದ ಗೆರೆಯೊಳಗೆ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಬೆಳಕು ಆ ಕಡೆಯಿಂದ ಬರದಿದ್ದರೆ ಒಂದು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿ. ಕಲ್ಲಿನ ಮೇಲೆ ಬರೀ ನೀರು ಚಿಮುಕಿಸಿ, ಮೆತ್ತನೆಯ ಬಟ್ಟೆಯಿಂದ ಒತ್ತಿ. ಸೀಮೆಸುಣ್ಣ, ತಂತಿ ಬ್ರಷ್, ಆಸಿಡ್ ದಯವಿಟ್ಟು ಬೇಡ. ನೂರು ವರ್ಷ ಮಳೆ ಗಾಳಿಗೆ ಬಗ್ಗದ ಅಕ್ಷರ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ. ಕಲ್ಲಿನ ಕೆಳತುದಿಯಲ್ಲಿ ಮಣ್ಣು ಮುಚ್ಚಿದ ಸಾಲನ್ನೂ ಓದಿ. ಹುಟ್ಟೂರಿನ ಹೆಸರು ಎಷ್ಟೋ ಸಲ ಅಲ್ಲೇ ಅವಿತಿರುತ್ತದೆ.

ಇನ್ನೊಂದು ಮಾತು ಮನಸ್ಸಿನಲ್ಲಿದೆ. ಅದೇ ಸುರಂಗಗಳಲ್ಲಿ ತಮಿಳು, ತೆಲುಗು, ಕನ್ನಡದ ಸಾವಿರಾರು ಕೂಲಿಗಳು ದುಡಿದರು, ಸತ್ತರು. ಅವರಿಗೆ ಇಂಥ ಕಲ್ಲೂ ಇಲ್ಲ, ಲಂಡನ್ನಿಗೆ ಹೋದ ಪ್ರತಿಯೂ ಇಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನೀವು ಒಂದು ಕಾರ್ನಿಷ್ ಮನೆತನಕ್ಕಾಗಿ ಕೆಜಿಎಫ್‌ಗೆ ಹೋದಾಗ ಅಲ್ಲಿನ ಕಾರ್ಮಿಕರ ಸಾಲು ಮನೆಗಳ ಹಿರಿಯರ ಜೊತೆಗೂ ಕೂತು ಅವರ ಅಜ್ಜ ಯಾವ ಊರಿಂದ ಬಂದರು ಕೇಳಿ, ಬರೆದುಕೊಳ್ಳಿ.

ಹೆಜ್ಜೆ 6: ಇವನೇ ಅವನು ಅಂತ ಹೇಗೆ ಗೊತ್ತಾಗುತ್ತದೆ?

ಮೂಂಟಾದಲ್ಲಿ ಒಬ್ಬ ವಿಲಿಯಂ ಚೆಗ್ವಿಡನ್ ಸಿಕ್ಕ ಅನ್ಕೊಳ್ಳಿ. ಕ್ಯಾಂಬೋರ್ನ್‌ನಿಂದ ಕಾಣೆಯಾದ ವಿಲಿಯಂ ಅವನೇನಾ? ಹೆಸರು, ವಯಸ್ಸು ಹೊಂದಿದರೆ ಸಾಲದು. ವಿಲಿಯಂ, ಜಾನ್, ಥಾಮಸ್, ರಿಚರ್ಡ್, ಜೇಮ್ಸ್ ಈ ಐದಾರು ಹೆಸರುಗಳಲ್ಲೇ ಇಡೀ ಕಾರ್ನ್‌ವಾಲ್ ಸುತ್ತುತ್ತಿತ್ತು. ನಾನು ಪಾಲಿಸುವ ನಿಯಮ ಹೀಗಿದೆ: ಒಂದಕ್ಕೊಂದು ಸಂಬಂಧವಿಲ್ಲದ ಮೂರು ದಾಖಲೆ ಒಂದೇ ಮಾತು ಹೇಳಬೇಕು. ಮರಣ ಪತ್ರದಲ್ಲಿ ಅಪ್ಪನ ಹೆಸರು, ಪತ್ರಿಕೆಯಲ್ಲಿ ಹುಟ್ಟೂರು, ಊರಿನ ಅಪ್ಪನ ಉಯಿಲಿನಲ್ಲಿ 'ಆಸ್ಟ್ರೇಲಿಯಾದಲ್ಲಿರುವ ಮಗ' ಎಂಬ ಮಾತು, ಹೀಗೆ.

ಮಕ್ಕಳ ನಡುವಿನ ಹೆಸರು ಒಳ್ಳೆಯ ಸುಳಿವು. ತಾಯಿಯ ಅಥವಾ ಅಜ್ಜಿಯ ತವರಿನ ಹೆಸರನ್ನು ಮಗುವಿನ ನಡುವಿನ ಹೆಸರಾಗಿ ಇಡುವ ರೂಢಿ ಕಾರ್ನಿಷರಲ್ಲಿ ಬಹಳ ಇತ್ತು. ಮೂಂಟಾದಲ್ಲಿ ಹುಟ್ಟಿದ ಮಗುವಿಗೆ 'ಜಾನ್ ಪೆನ್‌ರೋಸ್ ಚೆಗ್ವಿಡನ್' ಅಂತ ಹೆಸರಿದ್ದು, ಕ್ಯಾಂಬೋರ್ನ್‌ನ ವಿಲಿಯಂನ ತಾಯಿ ಪೆನ್‌ರೋಸ್ ಮನೆಯವಳಾಗಿದ್ದರೆ ಜಾಡು ಗಟ್ಟಿಯಾಯಿತು.

ಹೋದವರೆಲ್ಲ ಅಲ್ಲೇ ಸಾಯಲಿಲ್ಲ ಎನ್ನುವುದನ್ನು ಮರೆಯಬೇಡಿ. ಜೋಹಾನ್ಸ್‌ಬರ್ಗ್‌ನ ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರು ಸಾಯಲು ಊರಿಗೆ ಬಂದರು. ಕಾರ್ನ್‌ವಾಲ್‌ನ ಆ ಕಾಲದ ಮರಣ ಪತ್ರಗಳಲ್ಲಿ 'ಗಣಿಗಾರರ ಕ್ಷಯ' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಮೂವತ್ತೈದು, ನಲವತ್ತು ವಯಸ್ಸು, ಅಷ್ಟೇ. ಹೊರದೇಶದಲ್ಲಿ ಸಿಗದವನನ್ನು ಮತ್ತೆ ಊರಲ್ಲೂ ಹುಡುಕಿ. 1858ರಿಂದ ಈಚೆಗಿನ ಇಂಗ್ಲೆಂಡಿನ ಪ್ರೊಬೇಟ್ ಸೂಚಿಯನ್ನೂ, ಅಂದರೆ ಸತ್ತವರ ಉಯಿಲು ಮತ್ತು ಆಸ್ತಿ ವಿಲೇವಾರಿಯ ಪಟ್ಟಿಯನ್ನೂ ನೋಡಿ. ಒಂದಿಷ್ಟು ಆಸ್ತಿ ಬಿಟ್ಟು ಹೋದವರು ಎಲ್ಲಿಯವರು, ಎಲ್ಲಿ ಸತ್ತರು ಎರಡೂ ಅಲ್ಲಿ ಸಿಗುತ್ತವೆ.

ಹೆಜ್ಜೆ 7: ಡಿಎನ್‌ಎ ಮತ್ತು ಜೊತೆಗಾರರು

ಎರಡು ಕವಲುಗಳ ನಡುವೆ ಕಾಗದದ ಸೇತುವೆ ಸಿಗದೆ ಹೋದಾಗ ಡಿಎನ್‌ಎ ಕೆಲಸಕ್ಕೆ ಬರುತ್ತದೆ. ಮನೆತನದ ಹೆಸರಿನಂತೆ ಅಪ್ಪನಿಂದ ಮಗನಿಗೆ ಇಳಿಯುವುದು ವೈ ಕ್ರೋಮೋಸೋಮ್. ಹಾಗಾಗಿ ಎರಡೂ ಕವಲಿನ ಗಂಡುಮಕ್ಕಳು ವೈ ಪರೀಕ್ಷೆ ಮಾಡಿಸಿಕೊಂಡರೆ ಮೂಲ ಒಂದೇನಾ ಅಂತ ತಿಳಿಯುತ್ತದೆ. ಹೆಣ್ಣಿನ ಕಡೆಯಿಂದ ಬಂದವರಿಗೆ ಅಪ್ಪ ಅಮ್ಮ ಇಬ್ಬರ ಕಡೆಯ ಡಿಎನ್‌ಎಯನ್ನೂ ನೋಡುವ ಸಾಮಾನ್ಯ ಆಟೋಸೋಮಲ್ ಪರೀಕ್ಷೆ. 'ನಿಮ್ಮಲ್ಲಿ ಇಷ್ಟು ಶೇಕಡಾ ಕಾರ್ನಿಷ್' ಎಂಬ ಬಣ್ಣದ ನಕ್ಷೆಗೆ ಜಾಸ್ತಿ ಬೆಲೆ ಕೊಡಬೇಡಿ, ಹೊಂದಿಕೆಯಾದ ಜನರ ಪಟ್ಟಿಯಲ್ಲೇ ಇರುವುದು ನಿಜವಾದ ಸಂಪತ್ತು.

ಎಲ್ಲಕ್ಕೂ ಮೊದಲು ನಿಮ್ಮ ಮನೆತನದ ಮೇಲೆ ಯಾರಾದರೂ ಈಗಾಗಲೇ ಕೆಲಸ ಮಾಡಿದ್ದಾರಾ ನೋಡಿ. 1979ರಲ್ಲಿ ಶುರುವಾದ ಗಿಲ್ಡ್ ಆಫ್ ಒನ್ ನೇಮ್ ಸ್ಟಡೀಸ್‌ನಲ್ಲಿ ಒಂದೊಂದು ಮನೆತನದ ಹೆಸರನ್ನು ಒಬ್ಬೊಬ್ಬರು ಹಿಡಿದುಕೊಂಡು ಪ್ರಪಂಚದಾದ್ಯಂತ ಹುಡುಕುತ್ತಿದ್ದಾರೆ. ಟ್ರೂರೊದ ಕಾರ್ನ್‌ವಾಲ್ ಫ್ಯಾಮಿಲಿ ಹಿಸ್ಟರಿ ಸೊಸೈಟಿಯೂ ಇದೆ.

ಅಂಥವರಿಗೆ ಬರೆಯುವಾಗ ಮೊದಲ ಪತ್ರದಲ್ಲೇ ಎಲ್ಲ ಕೇಳಬೇಡಿ. ನಿಮ್ಮ ಬಳಿ ಇರುವುದನ್ನು ಮೊದಲು ಕೊಡಿ. ಕೆಜಿಎಫ್‌ನ ಕಲ್ಲಿನ ಫೋಟೊ ಆದರೆ ಮೂರು ಚಿತ್ರ ಕಳಿಸಿ: ಪೂರ್ತಿ ಕಲ್ಲು, ಅಕ್ಷರಗಳ ಹತ್ತಿರದ ನೋಟ, ಅಕ್ಕಪಕ್ಕದ ಸಮಾಧಿಗಳೂ ಕಾಣುವ ಹಾಗೆ ದೂರದಿಂದ ಒಂದು. ಯಾವ ದಿನ ತೆಗೆದದ್ದು, ಗೇಟಿನಿಂದ ಎಷ್ಟನೆಯ ಸಾಲು ಅಂತ ಬರೆಯಿರಿ. ಕಲ್ಲಿನ ಮೇಲಿರುವ ಮಾತನ್ನು ತಿದ್ದದೆ, ಸಾಲು ಸಾಲಾಗಿ, ತಪ್ಪಿದ್ದರೆ ತಪ್ಪಾಗಿಯೇ ಎತ್ತಿ ಬರೆದು ಜೊತೆಗಿಡಿ. ಕಡಲಾಚೆಯ ಮನೆಯಲ್ಲಿ ಅದನ್ನು ಓದುವವರಿಗೆ ತಮ್ಮ ಮುತ್ತಜ್ಜ ಎಲ್ಲಿ ಮಲಗಿದ್ದಾನೆ ಎನ್ನುವುದು ಅವತ್ತೇ ಮೊದಲ ಸಲ ತಿಳಿಯಬಹುದು.